ದೇವರ ಪಾಲಿನ ಕುದುರೆ

ಒಸ್ಬರ್ಟ್ ಗೊಬ್ಬರದ ಗಾಡಿಯಿಂದ ಉರುಳಿ, ತಲೆ ಕಲ್ಲಿಗೆ ಬಡಿದು ಸತ್ತದ್ದನ್ನು ಕಂಡವನು ಪಕ್ಕದ ಹೊಲದ ವಾರಿನ್ ಒಬ್ಬನೇ. ಬೇಲಿಯಿಂದ ಕಾಗೆ ಹಾರಿತು, ಬೂದು ಕುದುರೆ ಬೆದರಿ ಮುಂದಕ್ಕೆ ಜಿಗಿಯಿತು, ಒಸ್ಬರ್ಟ್ ಬಿದ್ದ.

ಜೀವ ತೆಗೆದ ವಸ್ತು ದೇವರ ಪಾಲು ಎಂಬುದು ಇಂಗ್ಲೆಂಡಿನ ಕಟ್ಟಳೆ. ಅದು ಬಡವರಿಗೆ ದಾನವಾಗಿ ಸಲ್ಲಬೇಕು. ದೇವರ ಪರವಾಗಿ ರಾಜ ಅದನ್ನು ಪಡೆಯುತ್ತಾನೆ, ರಾಜನ ಪರವಾಗಿ ಅವನ ಅಧಿಕಾರಿ. ನಿಂತ ಗಾಡಿಯಿಂದ ಇಳಿಯುವಾಗ ಬಿದ್ದರೆ ಕಾಲಿಟ್ಟ ಚಕ್ರವಷ್ಟೇ ಹೋಗುತ್ತದೆ. ಚಲಿಸುವ ಗಾಡಿಯಿಂದ ಬಿದ್ದರೆ ಗಾಡಿಯ ಜೊತೆಗೆ ಕುದುರೆಯೂ ಹೋಗುತ್ತದೆ. ಅದು ಬಾರ್ಲಿ ಬಿತ್ತನೆಗೆ ನೆಲ ಉಳುವ ಕಾಲ. ಒಸ್ಬರ್ಟನ ವಿಧವೆ ಹಾವಿಸಳಿಗೆ ಇದ್ದದ್ದು ಅದೊಂದೇ ಕುದುರೆ.

ವಿಚಾರಣೆಯ ಬೆಳಿಗ್ಗೆ ಪಂಚರು ಚರ್ಚಿನ ಅಂಗಳದಲ್ಲಿ ಸೇರಿದರು. ಅವರಲ್ಲೊಬ್ಬನಾದ ಕಮ್ಮಾರ ಥರ್ಸ್ಟನ್ ವಾರಿನ್‌ನ ತೋಳು ಹಿಡಿದ.

"ಗಾಡಿ ನಿಂತಿತ್ತು ಅಂದ್ಬಿಡು ಮಾರಾಯ. ನಿನ್ನ ಬಾಯಿಂದ ಒಂದು ಸುಳ್ಳು ಬಂದ್ರೆ ಗೋಪುರವೇನೂ ಬೀಳಲ್ಲ."

"ಸುವಾರ್ತೆ ಪುಸ್ತಕ ಮುಟ್ಟಿ ಹೇಳೋದು ಕಣೋ. ನಾಲಿಗೆ ನನ್ನದು, ಮಾತು ನನ್ನದಲ್ಲ."

"ಹೌದಪ್ಪ, ಒಡಹುಟ್ಟಿದೋನನ್ನೇ ಬಿಡಲಿಲ್ಲ ನೀನು."

ಅದು ನಿಜವಾಗಿತ್ತು. ಗಡಿಕಲ್ಲು ಸರಿಸಿದ್ದಕ್ಕೆ ಸ್ವಂತ ಅಣ್ಣ ಎಲ್ಯಾಸ್‌ನ ವಿರುದ್ಧ ವಾರಿನ್ ಸಾಕ್ಷಿ ನುಡಿದಿದ್ದ. ಅಂದಿನಿಂದ ಅಣ್ಣ ಅವನೊಡನೆ ಮಾತು ಬಿಟ್ಟಿದ್ದ.

ಹಾವಿಸ್ ಬಂದಳು, ಬೇಡಲಿಲ್ಲ. "ವಾರಿನಣ್ಣ, ಹೀಗೆ ಹೇಳು, ಹಾಗೆ ಹೇಳು ಅನ್ನಲ್ಲ ನಾನು. ಕುದುರೆ ಹೋದ್ರೆ ನೇಗಿಲು ಎಳೆಯೋಕೆ ನಾನಿದ್ದೀನಿ, ಮಗಳಿದ್ದಾಳೆ. ಅದೂ ನಿಂಗೆ ಗೊತ್ತಿರ್ಲಿ ಅಂತ ಬಂದೆ."

ಕಂಡದ್ದನ್ನೇ ಹೇಳುವುದೆಂದು ವಾರಿನ್ ನಿಶ್ಚಯಿಸಿದ್ದ.

ರಾಜನ ಅಧಿಕಾರಿ ಬಂದವನೇ ಶವದತ್ತ ಸುಳಿಯಲಿಲ್ಲ. ಬೇಲಿಗೆ ಕಟ್ಟಿದ್ದ ಕುದುರೆಯ ತುಟಿ ಬಿಡಿಸಿ ಹಲ್ಲು ನೋಡಿದ, ಗೊರಸು ಎತ್ತಿ ನೋಡಿದ, ಕತ್ತು ತಟ್ಟಿದ.

"ಸಾಧು ಪ್ರಾಣಿ. ನಮ್ಮ ಹುಡುಗಿ ಮದುವೆಗೆ ಉಡುಗೊರೆ ಕೊಡೋಕೆ ಹೇಳಿಮಾಡಿಸಿದ ಹಾಗಿದೆ," ಎಂದು ಗುಮಾಸ್ತನಿಗೆ ಹೇಳಿ, ಆಮೇಲೆ ಕೇಳಿದ: "ಹೆಣ ಎಲ್ಲಿಟ್ಟಿದ್ದೀರಿ?"

ದೇವರ ಹೆಸರು ಹೇಳಿ ಬಡವೆಯ ಕೊಟ್ಟಿಗೆಗೆ ಕೈಹಾಕುವವರನ್ನು ಕಳ್ಳರೆಂದು ಕರೆಯಲು ಆ ರಾಜ್ಯದಲ್ಲಿ ಯಾವ ನ್ಯಾಯಪೀಠವೂ ಇರಲಿಲ್ಲ. ವಾರಿನ್ ಪುಸ್ತಕದ ಮೇಲೆ ಕೈಯಿಟ್ಟ.

"ಗಾಡಿ ನಿಂತಿತ್ತು, ಸ್ವಾಮಿ."

"ನಿಂತ ಗಾಡಿಯಿಂದ ಬೀಳೋನು ಎಂಥ ರೈತನಯ್ಯ?"

"ಚಕ್ರದ ಮೇಲೆ ಕಾಲಿಟ್ಟ. ಜಾರಿದ."

ಥರ್ಸ್ಟನ್ ನೆಲ ನೋಡಿದ. ಅಣ್ಣನ ವಿರುದ್ಧವೇ ಸಾಕ್ಷಿ ಹೇಳಿದ ಮನುಷ್ಯ ಇವನೆಂದು ಗುಮಾಸ್ತ ಅಧಿಕಾರಿಯ ಕಿವಿಯಲ್ಲಿ ಉಸುರಿದ. ಅಧಿಕಾರಿ ಚಕ್ರವೊಂದನ್ನು ಕಳಚಿಸಿಕೊಂಡು ಮುಖ ಗಂಟಿಕ್ಕಿಕೊಂಡೇ ಹೊರಟ. ಹಾವಿಸಳ ಹೊಲ ಉತ್ತಾಯಿತು.

ಈಸ್ಟರ್‌ಗೆ ಮುಂಚೆ ಊರೆಲ್ಲ ಪಾಪ ನಿವೇದಿಸಬೇಕು. ವಾರಿನ್ ಪಾದ್ರಿ ಹ್ಯಾಮೋನ ಮುಂದೆ ಮಂಡಿಯೂರಿ ಎಲ್ಲವನ್ನೂ ಹೇಳಿದ.

"ಪಶ್ಚಾತ್ತಾಪ ಇದೆಯಾ?"

"ಸುಳ್ಳಾಣೆ ಇಟ್ಟಿದ್ದು ಪಾಪ, ಒಪ್ತೀನಿ. ಪಶ್ಚಾತ್ತಾಪ ಇಲ್ಲ."

"ಇದೆ ಅಂದ್ಬಿಡೋ. ಕ್ಷಮೆ ಕೊಟ್ಟು ಕಳಿಸ್ತೀನಿ. ಇಲ್ಲದಿದ್ರೆ ಹಬ್ಬದ ಪ್ರಸಾದದ ರೊಟ್ಟಿ ನಿನ್ನ ನಾಲಿಗೆ ಮೇಲಿಡೋಕೆ ಆಗಲ್ಲ."

"ದೇವರ ಮುಂದೆ ಒಂದು ಸುಳ್ಳು ಹೇಳಿ ಆಯ್ತಲ್ಲ, ಪಾದ್ರಿಗಳೇ. ಎರಡನೆಯದು ಯಾಕೆ?"

ಹ್ಯಾಮೋ ಕ್ಷಮೆ ಕೊಡದೆಯೇ ಮುಂದಿನವನನ್ನು ಕರೆದ.

ಹಬ್ಬದ ದಿನ ಊರಿಗೂರೇ ಪ್ರಸಾದಕ್ಕೆಂದು ವೇದಿಕೆಯತ್ತ ನಡೆಯಿತು. ವಾರಿನ್ ಬಾಗಿಲ ಬಳಿ, ಜ್ಞಾನಸ್ನಾನದ ಕಲ್ಲುತೊಟ್ಟಿಗೆ ಒರಗಿ ಒಬ್ಬನೇ ನಿಂತ. ಏನೋ ಘೋರ ಪಾಪ ಮಾಡಿದ್ದಾನೆಂದು ಹೆಂಗಸರು ತಿರುಗಿ ನೋಡಿದರು. ಹಾವಿಸ್ ಮಾತ್ರ ತಲೆಯೆತ್ತಲಿಲ್ಲ.

ಪ್ರಸಾದ ಪಡೆದು ಹಿಂತಿರುಗುತ್ತಿದ್ದ ಅಣ್ಣ ಎಲ್ಯಾಸ್ ತನ್ನ ಜಾಗಕ್ಕೆ ಹೋಗದೆ ತೊಟ್ಟಿಯ ಹತ್ತಿರ ಬಂದು ನಿಂತ.

"ಜಾಗ ಬಿಡು," ಎಂದ.

ವಾರಿನ್ ಸರಿದು ನಿಂತ. ಅಣ್ಣ ಅವನ ಪಕ್ಕದಲ್ಲೇ ತೊಟ್ಟಿಗೆ ಒರಗಿದ.