ತೇಲುವ ಮುಚ್ಚಳ

ಇಲ್ಲ ಅನ್ನುವುದು ಹಿದೆಯುಕಿಗೆ ಬರುತ್ತಿರಲಿಲ್ಲ. ಫುಕುಯಾಮಾದ ಇವಾಕಿರಿ ಮನೆತನಕ್ಕೆ ಮನೆ ಅಳಿಯನಾಗಿ ಬಂದ ಮೇಲೂ ಬರಲಿಲ್ಲ.

ಮಾವ ವಿನೆಗರ್ ಮಾಡುವ ಮಣ್ಣಿನ ಜಾಡಿಗಳು ಕೊಲ್ಲಿಯ ದಂಡೆಯ ಬಯಲಿನಲ್ಲಿ ಬಿಸಿಲು ಕಾಯುತ್ತಿದ್ದವು. ಎದುರಿಗೆ ಸಕುರಾಜಿಮಾ ಜ್ವಾಲಾಮುಖಿ ಹೊಗೆಯಾಡುತ್ತಿತ್ತು. ಏಪ್ರಿಲ್‌ನಲ್ಲೊಮ್ಮೆ, ಶರತ್ಕಾಲದಲ್ಲೊಮ್ಮೆ ಜಾಡಿಗೆ ಅನ್ನ, ನೀರು ತುಂಬಿ, ಬೂಷ್ಟು ಹಿಡಿಸಿದ ಅಕ್ಕಿಯನ್ನು ಮೇಲೆ ಉದುರಿಸುತ್ತಾರೆ. ಅದು ಕೆನೆಯ ಹಾಗೆ ತೇಲಿ ಒಳಗಿನದನ್ನು ಕಾಯುತ್ತದೆ. ತಾನಾಗಿ ಮುಳುಗುವವರೆಗೆ ಕೋಲು ಹಾಕುವಂತಿಲ್ಲ. ಉದುರಿಸುವ ಕೈ ಮಾವನೊಬ್ಬರದೇ. ಶರತ್ಕಾಲದಲ್ಲಿ ಅಳಿಯನಿಗೂ ಕಲಿಸುವುದಾಗಿ ಹೇಳಿದ್ದರು. ಹಿದೆಯುಕಿ ಅದಕ್ಕೇ ಕಾಯುತ್ತಿದ್ದ. ಅಲ್ಲಿಯವರೆಗೆ ಅವನದು ಪ್ರವಾಸಿಗರಿಗೆ ಬಾಟಲಿ ಮಾರುವ ಕೆಲಸ.

ಮೇ ತಿಂಗಳಲ್ಲಿ ಮಾವ ಮಂಡಿನೋವಿಗೆಂದು ಬಿಸಿ ಮರಳಿನಲ್ಲಿ ಹೂತು ಮಲಗಲು ಇಬುಸುಕಿಗೆ ಹೋದರು. ಆಗಲೇ ಓಸಾಕಾದಿಂದ ಒಂದು ಬಸ್ ಬಂತು.

"ಏನಪ್ಪಾ, ಇಷ್ಟ್ ದೂರ ಬಂದಿದ್ದು ಬರೀ ಜಾಡಿ ಹೊಟ್ಟೆ ನೋಡೋಕಾ?" ಎಂದಳು ದಪ್ಪ ಕನ್ನಡಕದ ಹೆಂಗಸು. "ಒಂದ್ಸಲ ಕದಡಿ ತೋರ್ಸು. ನಮ್ಮನೆಯವ್ರು ಫೋಟೋ ತೆಗೀತಾರೆ."

"ಈಗ ಕದಡಬಾರ್ದು ಅಮ್ಮ."

"ಯಾಕೆ, ಹೆಂಡ್ತಿ ಬೈತಾಳಾ?"

ಬಸ್ಸಿನವರೆಲ್ಲ ನಕ್ಕರು. ಹಿದೆಯುಕಿಯೂ ನಕ್ಕು, ಬಿದಿರುಕೋಲು ತಂದು ಒಂದು ಜಾಡಿ ಕದಡಿದ. ಅವರು ಚೀಲ ತುಂಬ ಬಾಟಲಿ ಕೊಂಡರು. ಅಂದಿನಿಂದ ಬಂದವರಿಗೆಲ್ಲ ಅದೇ ಆಟ. ಒಂದಕ್ಕೇ ಹೆಚ್ಚು ಪೆಟ್ಟಾಗದಿರಲಿ ಎಂದು ಪ್ರತಿ ಸಲ ಬೇರೆ ಜಾಡಿ ಆರಿಸುತ್ತಿದ್ದ. ಕೋಲು ಮಾತ್ರ ಅದೇ.

ಜೂನ್‌ನಲ್ಲಿ ಮರಳಿದ ಮಾವ ಒಂದು ಜಾಡಿ ತೆರೆದು ಮೂಸಿದರು. ಪಕ್ಕದ್ದನ್ನೂ ಮೂಸಿದರು.

"ಕೋಲ್ ಹಾಕಿದ್ಯಾ?"

"ಹಾಕ್ದೆ ಮಾವ. ಬಂದೋರು ಖುಷಿ ಪಟ್ರು."

"ಪಡ್ತಾರೆ. ನೋಡಿದ್ರು, ಮನೆಗ್ ಹೋದ್ರು. ಕೊಳೆತದ್ದನ್ನ ಒಂದರಿಂದ ಒಂದಕ್ಕೆ ಬಡಿಸ್ಕೊಂಡ್ ಬಂದಿದೀಯ."

"ತೊಳೆದು ಮತ್ತೆ ತುಂಬೋಣ. ನಾನೇ ತೊಳೀತೀನಿ."

"ಎಷ್ಟ್ ತೊಳೀತೀಯ? ತಾತನ ಕಾಲದ ಜಾಡಿ ಇವು. ಹುಳಿ ಬರಿಸೋದು ಆ ಮಣ್ಣೇ. ಈಗ ಅದಕ್ಕೂ ನಾತ ಹಿಡಿದಿದೆ."

ಅವರು ಬೈಯಲಿಲ್ಲ. ಶರತ್ಕಾಲ ಬಂದಾಗ ಉದುರಿಸುವುದನ್ನು ಕಲಿಸಲು ಮಗಳನ್ನು, ಹಿದೆಯುಕಿಯ ಹೆಂಡತಿ ಚಿನಾಮಿಯನ್ನು, ಕರೆದರು. ಹಿದೆಯುಕಿ ನೀರು ಹೊತ್ತ. ಅಕ್ಕಿ ಹೇಗೆ ಉದುರುತ್ತದೆ ಎಂದು ಹತ್ತಿರ ನಿಂತು ನೋಡಬೇಕೆನಿಸಿತು. ಯಾರೂ ಕರೆಯಲಿಲ್ಲ, ಅವನೂ ಹೋಗಲಿಲ್ಲ.

ಕೆಟ್ಟದ್ದು ಹತ್ತೊಂಬತ್ತು ಜಾಡಿ ವಿನೆಗರ್. ಒಡೆದು ಹಾಕಿದ ಜಾಡಿಗಳೂ ಹತ್ತೊಂಬತ್ತು.