ಭಾನುವಾರದ ಕಳ್ಳ

ಸಮಾಧಾನ ಹೇಳಲು ಬಂದ ಗಂಡನ ಅಣ್ಣ ಮಣಿಕಟ್ಟು ಹಿಡಿದದ್ದೇ ತಡ, ಟೀಚರಮ್ಮನ ಕೈ ಅವರ ಹೆಬ್ಬೆರಳಿನ ಕಡೆಗೆ ತಿರುಗಿ ಬಿಡಿಸಿಕೊಂಡುಬಿಟ್ಟಿತು. ಭಾವ ಮುಗ್ಗರಿಸಿ ಕುರ್ಚಿ ಹಿಡಿದರು.

"ಇವತ್ತೊಂದು ದಿನವಾದ್ರೂ ಸುಮ್ನಿರಮ್ಮ."

"ನಾನೇನೂ ಮಾಡ್ಲಿಲ್ಲ ಭಾವ. ಕೈ ಅದರ ಪಾಡಿಗೆ ಅದು ಹೋಯ್ತು."

ಮಂಚದ ಮೇಲೆ ಅವರ ಗಂಡ ಮೂಗಿಗೆ ಹತ್ತಿ ಇಟ್ಟುಕೊಂಡು ಮಲಗಿದ್ದರು. ತಮ್ಮ ಬೀಗ ರಿಪೇರಿಯ ಅಂಗಡಿಯಲ್ಲಿ ನಿನ್ನೆ ಮಧ್ಯಾಹ್ನ ಸ್ಟೂಲಿನ ಮೇಲೆ ಕೂತಲ್ಲೇ ಹೃದಯ ನಿಂತಿತ್ತು. ಸುತ್ತ ಎಲ್ಲಿ ನೋಡಿದರೂ ಹೆಂಗಸರೇ. ಬಸ್ ಕಂಡಕ್ಟರ್, ಬೇಕರಿಯಾಕೆ, ಟೈಲರಕ್ಕ, ಇನ್ನೂ ಎಷ್ಟೋ ಜನ. ಎಲ್ಲರೂ ಭಾನುವಾರ ಶಾಲೆಯ ಹಾಲ್‌ನಲ್ಲಿ ಟೀಚರಮ್ಮನಿಂದ ಜುಜುತ್ಸು ಎಂಬ ಜಪಾನಿನ ಆತ್ಮರಕ್ಷಣೆಯ ಪಟ್ಟು ಕಲಿತವರು. ಆ ತರಗತಿಯಲ್ಲಿ ಮೇಲೆರಗಿ ಒಗೆಸಿಕೊಳ್ಳಲು ಬೇಕಾದ ಕಳ್ಳ ಈ ಮನುಷ್ಯನೇ. ಆರು ದಿನ ಊರಿನ ಬೀಗ ಗಟ್ಟಿಮಾಡಿ ಏಳನೆಯ ದಿನ ಕಳ್ಳನಾಗುವ ಯೋಗ ಎಲ್ಲರಿಗೂ ಬರುವುದಿಲ್ಲ.

"ಪಾಪ, ಒಂದ್ಸಲಾನೂ ಗೆಲ್ಲಲಿಲ್ಲ," ಎಂದು ಬೇಕರಿಯಾಕೆ ಮೂಗು ಒರೆಸಿಕೊಂಡಳು.

ಭಾವನಿಗೆ ಮುಗ್ಗರಿಸಿದ ಉರಿ ಇನ್ನೂ ಆರಿರಲಿಲ್ಲ. "ನನ್ನ ತಮ್ಮ ಎಂಬತ್ತು ಕಿಲೋ ಇದ್ದ. ಅವನನ್ನ ನೀವು ಎತ್ತಿ ಒಗೆದ್ರಿ ಅಂತ ಇನ್ನೂ ನಂಬ್ಕೊಂಡಿದ್ದೀರಾ? ಅವನೇ ಬೀಳ್ತಿದ್ದ. ಹೆಂಡತಿ ಮರ್ಯಾದೆ ಉಳಿಸ್ಬೇಕಲ್ಲ."

ಕಂಡಕ್ಟರ್ ತನ್ನ ಅಂಗೈಯನ್ನೇ ನೋಡಿಕೊಂಡಳು. ಟೀಚರಮ್ಮ ಗಂಡನ ಮುಖದ ಕಡೆ ತಿರುಗಿದರು.

*

ಮೊದಲ ತರಗತಿಯ ದಿನ ಶಾಲೆಯ ಹಾಲ್‌ನ ಬೀಗ ಕೆಟ್ಟು, ಗಂಡನೇ ಬಂದು ತೆಗೆದುಕೊಟ್ಟಿದ್ದರು. ಬಾಗಿಲಲ್ಲಿ ನಿಂತಿದ್ದವರನ್ನು ಟೀಚರಮ್ಮ ಒಳಗೆ ಕರೆದರು.

"ರೀ, ಸ್ವಲ್ಪ ಬಂದು ನನ್ನ ಕುತ್ತಿಗೆಪಟ್ಟಿ ಹಿಡೀರಿ."

"ಇಷ್ಟು ಜನರ ಮುಂದೇನಾ?"

"ಹಿಡೀರಿ ಅಂದೆ."

ಹಿಡಿದರು. ಮರುಕ್ಷಣ ಚಾಪೆಯ ಮೇಲೆ ಮಲಗಿ ಚಾವಣಿ ನೋಡುತ್ತಿದ್ದರು. ಆ ಕೆಲಸ ಮೂವತ್ತು ವರ್ಷ ಕಾಯಂ ಆಯಿತು.

"ಎದುರಿಗಿರೋನ ಭಾರಾನೇ ನಮ್ಮ ಬಲ," ಎಂದು ಟೀಚರಮ್ಮ ಹೇಳಿಕೊಡುತ್ತಿದ್ದರು. ಆ ಮಾತು ನಂಬಿ ಮುನ್ನೂರು ಹೆಂಗಸರು ಬೀದಿಯಲ್ಲಿ ತಲೆ ಎತ್ತಿ ಓಡಾಡುತ್ತಿದ್ದರು. ಅದು ಸುಳ್ಳಾಗಿದ್ದರೆ? ಒಮ್ಮೆ ತಡೆಯಲಾರದೆ ಗಂಡನನ್ನೇ ಕೇಳಿದ್ದರು.

"ನಿಜ ಹೇಳಿ, ನೀವಾಗೇ ಬೀಳ್ತೀರಾ?"

"ಊಟಕ್ಕೆ ಬಡಿಸು," ಅಂದಿದ್ದರು ಅವರು.

*

ಭಾವನ ಮಾತು ಮುಗಿಯುವ ಹೊತ್ತಿಗೆ ಫಿಸಿಯೋಥೆರಪಿ ಡಾಕ್ಟರು ಬಂದು ಮಂಚದ ಪಕ್ಕ ನಿಂತರು. "ಇನ್ನು ಸೋಮವಾರ ನನ್ನ ಕ್ಲಿನಿಕ್ ಬಿಕೋ ಅನ್ನುತ್ತೆ."

"ಸೋಮವಾರ ಇವರು ಅಂಗಡಿ ಸಾಮಾನು ತರೋಕೆ ಹೋಗ್ತಿದ್ರಲ್ಲ?" ಎಂದರು ಟೀಚರಮ್ಮ.

"ಇಪ್ಪತ್ತೆರಡು ವರ್ಷ ನನ್ನ ಹತ್ರ ಬಂದಿದ್ದಾರೆ ತಾಯಿ. ಎಡ ಹೆಗಲು ಮೂರು ಸಲ ಜಾರಿತ್ತು. ಸೊಂಟದ್ದು ಕೇಳ್ಲೇಬೇಡಿ. ನೀವಾಗೇ ಮೆತ್ತಗೆ ಬಿದ್ದುಬಿಡಿ ಸ್ವಾಮಿ ಅಂದೆ. 'ಹಾಗೆ ಬಿದ್ರೆ ಅದನ್ನೇ ನಂಬ್ಕೊಂಡು ಹೋಗಿ ಬೀದೀಲಿ ಏಟು ತಿಂತಾರೆ ಡಾಕ್ಟ್ರೇ. ಸರಿಯಾಗಿ ಮಾಡೋವರೆಗೂ ನಾನು ಅಲ್ಲಾಡೋನಲ್ಲ' ಅಂದ್ರು."

"ನಿಜ," ಎಂದಳು ಟೈಲರಕ್ಕ. "ನನ್ನೆದುರು ನಾಲ್ಕು ತಿಂಗಳು ಬೀಳದೆ ಕಂಬದ ಹಾಗೆ ನಿಂತಿದ್ರು."

ಕಂಡಕ್ಟರ್ ಎದ್ದು ನಿಂತಳು. "ಹೆಗಲು ಮೊದಲು ಜಾರಿದ್ದು ಯಾವಾಗ ಡಾಕ್ಟ್ರೇ?"

"ಹೊಸ ಬಸ್ ನಿಲ್ದಾಣ ಆದ ವರ್ಷ."

"ಹಾಗಾದ್ರೆ ಅದು ನನ್ನದು." ಅವಳ ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಹೆಮ್ಮೆಯೂ ಇತ್ತು.

"ಸುಮ್ನಿರೇ," ಎಂದಳು ಬೇಕರಿಯಾಕೆ. "ಆಗ ನೀನಿನ್ನೂ ಕೈ ಬಿಡಿಸ್ಕೊಳ್ಳೋದೇ ಕಲೀತಿದ್ದೆ. ಆ ಹೆಗಲು ನನ್ನದು."

ಸೊಂಟಕ್ಕೆ ಐವರು ಹಕ್ಕುದಾರರು ಎದ್ದರು. ಭಾವ ತಮ್ಮ ಕುರ್ಚಿಯನ್ನು ಸದ್ದಿಲ್ಲದೆ ಗೋಡೆಯತ್ತ ಸರಿಸಿಕೊಂಡರು.

ಟೀಚರಮ್ಮನ ಮುಖ ಅರಳಿತು. ತಾನು ಕಲಿಸಿದ್ದು ಸುಳ್ಳಲ್ಲ. ಅದರ ಬೆನ್ನಿಗೇ, ನಿನ್ನೆಯಿಂದ ಬಾರದ ಅಳು ಬಂತು. ಒಂದೇ ಹಾಸಿಗೆಯಲ್ಲಿ ಮಲಗಿಯೂ ತನಗೆ ತಿಳಿಯಲಿಲ್ಲವಲ್ಲ.

"ಎಷ್ಟು ನೋವಾಗಿತ್ತೋ," ಎಂದು ಬಿಕ್ಕಿದರು.

ಶವಪೆಟ್ಟಿಗೆ ಬಂತು. ಗಾಡಿಯವರು ಕೈ ಹಾಕಲು ಬಂದರೆ ಹೆಂಗಸರು ಬಿಡಲಿಲ್ಲ. ಆರು ಜನ ಮಂಚದ ಎರಡೂ ಪಕ್ಕ ನಿಂತು ಅವರನ್ನು ಎತ್ತಿದರು. ಟೀಚರಮ್ಮ ಎಡ ಹೆಗಲಿನ ಕೆಳಗೆ ಎರಡೂ ಅಂಗೈ ಕೊಟ್ಟರು.

"ಮೆಲ್ಲಗೆ," ಎಂದರು.

ಅವರನ್ನು ಮೂವತ್ತು ವರ್ಷ ನೆಲಕ್ಕೆ ಒಗೆದ ಹೆಂಗಸರು ಈಗ ಉಸಿರು ಬಿಗಿಹಿಡಿದು ಬೆರಳಷ್ಟು ಬೆರಳಷ್ಟೇ ಪೆಟ್ಟಿಗೆಯೊಳಗೆ ಇಳಿಸಿದರು. ಬೆನ್ನು ಹಲಗೆಗೆ ತಾಗಿದ ಸದ್ದು ಕೇಳಲಿಲ್ಲ. ಎಲ್ಲರೂ ಕೈ ತೆಗೆದ ಮೇಲೂ ಟೀಚರಮ್ಮ ಬಗ್ಗಿಕೊಂಡೇ ನಿಂತಿದ್ದರು, ಅಂಗೈಗಳು ಇನ್ನೂ ಆ ಹೆಗಲಿನ ಕೆಳಗಿದ್ದವು.