ಮಂಕಿಯ ಸರದಿ

ಕೆಮ್ಮಿ ಕೆಮ್ಮಿ ಮಗು ಒಮ್ಮೆಲೇ ಸುಮ್ಮನಾದಾಗ ಶಾಂಭವಿ ತಟ್ಟನೆ ಅದರತ್ತ ಬಾಗಿದಳು. ಮಂಕಿಯ ಮೀನುಗಾರರ ಕೇರಿಯಲ್ಲಿ, ಬಾಣಂತಿ ಜಯಂತಿಯ ಆರೋಗ್ಯ ವಿಚಾರಿಸಲು ಅವಳು ಜಗಲಿಯಲ್ಲಿ ಕೂತಿದ್ದಳು. ಕೂಸಿಗೆ ಆಗಷ್ಟೇ ತಿಂಗಳು ತುಂಬಿತ್ತು. ತುಟಿ ನೀಲಿಗಟ್ಟುತ್ತಿತ್ತು.

"ಅಯ್ಯೋ ದೇವರೇ, ಮಗೀಗೆ ಎಂತ ಆತು?" ಅಜ್ಜಿ ದುರ್ಗಮ್ಮ ಕೂಗಿಕೊಂಡಳು.

ಶಾಂಭವಿ ಮಗುವನ್ನೆತ್ತಿ ಬೆನ್ನು ತಿಕ್ಕಿದಳು, ಅಂಗಾಲಿಗೆ ಬೆರಳಿನಿಂದ ಚಿಮ್ಮಿದಳು. ಏನೂ ಆಗಲಿಲ್ಲ. ಇನ್ನೊಮ್ಮೆ ಚಿಮ್ಮಿದಾಗ ಅದು ಕೀರಲು ದನಿಯಲ್ಲಿ ಉಸಿರೆಳೆದುಕೊಂಡಿತು.

ನಾಯಿಕೆಮ್ಮು. ಅವಳಿಗೆ ಅನುಮಾನವೇ ಉಳಿಯಲಿಲ್ಲ; ಅವಳ ಸಂಶೋಧನೆಯೇ ಅದರ ಮೇಲೆ. ಬಸುರಿಯರಿಗೆ ಲಸಿಕೆ ಕೊಟ್ಟರೆ ಹುಟ್ಟುವ ಕೂಸುಗಳು ಎಷ್ಟರಮಟ್ಟಿಗೆ ಪಾರಾಗುತ್ತವೆ ಎಂದು ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಕಡೆ ನೋಡುತ್ತಿದ್ದಳು. ಲಸಿಕೆ ಪಡೆದ ಊರನ್ನೂ ಪಡೆಯದ ಊರನ್ನೂ ಹೋಲಿಸಿ ನೋಡಲು, ಊರುಗಳಿಗೆ ಚೀಟಿ ಎತ್ತಿ ಸರದಿ ಹಾಕಿದ್ದರು. ಭಟ್ಕಳದ ಕಡೆಯ ಮುಟ್ಟಳ್ಳಿಗೆ ಮೊದಲೇ ಬಂದಿತ್ತು. ಮಂಕಿಗೆ ಇನ್ನೂ ಬಂದಿರಲಿಲ್ಲ.

ಆಂಬುಲೆನ್ಸ್ ಬೇರೆಲ್ಲೋ ಹೋಗಿತ್ತು. ಡ್ರೈವರ್ ದೇವಪ್ಪ ಜಯಂತಿಯನ್ನೂ ಮಗುವನ್ನೂ ಹತ್ತಿಸಿಕೊಂಡು ಶಾಂಭವಿಯ ಜೀಪನ್ನೇ ಹೊನ್ನಾವರದತ್ತ ಓಡಿಸಿದ. ಶರಾವತಿ ಸೇತುವೆಯ ಮೇಲೆ ಲಾರಿಯೊಂದು ಕೆಟ್ಟು ನಿಂತಿತ್ತು. ಅಲ್ಲೇ ಮಗು ಮತ್ತೆ ಉಸಿರು ನಿಲ್ಲಿಸಿತು. ಶಾಂಭವಿ ಅಂಗಾಲಿಗೆ ಚಿಮ್ಮಲು ಹೋದರೆ ಪುಟ್ಟ ಕಾಲು ಅವಳ ಕೈಯಿಂದ ಜಾರಿಹೋಯಿತು. ಜಯಂತಿಯೇ ಮಗುವನ್ನು ಕಿತ್ತುಕೊಂಡು, ನೋಡಿ ಕಲಿತಂತೆ ಬೆನ್ನು ತಿಕ್ಕಿದಳು. ಉಸಿರು ಬಂತು.

"ಆ ಇಂಜೆಕ್ಷನ್ ನಂಗೂ ಕೊಡಿ ಅಂದಿದ್ದೆ ಅಲ್ಲ ಮೇಡಂ?" ಜಯಂತಿ ತಲೆಯೆತ್ತದೆ ಕೇಳಿದಳು. "ಮುಟ್ಟಳ್ಳಿಯ ನಮ್ಮ ನಾದಿನಿಗೆ ಕೊಟ್ರಿ. ನಮ್ಮ ಮಗು ಎಂತ ಪಾಪ ಮಾಡಿತ್ತು?"

ಲಸಿಕೆಯ ಗುಣ ಇನ್ನೂ ಖಾತ್ರಿಯಾಗಿರಲಿಲ್ಲ, ಅದಕ್ಕೇ ಕಾದೆವು ಎಂದು ಶಾಂಭವಿ ಹೇಳಬಹುದಿತ್ತು. ಅದು ಸುಳ್ಳೂ ಆಗಿರಲಿಲ್ಲ. ಅದರ ಬದಲು ಅವಳು ಜೀಪಿನಿಂದಿಳಿದು, ದಾರಿ ಬಿಡಿಸಲು ಜನರನ್ನು ಕೂಗಿ ಕರೆದಳು.

ಕೊನೆಗೂ ದಾರಿ ಸಿಕ್ಕಿತು. ಆಸ್ಪತ್ರೆಯಲ್ಲಿ ಆಮ್ಲಜನಕ ಹಚ್ಚಿದರು, ಔಷಧ ಶುರುಮಾಡಿದರು. "ಈಗಲೇ ಎಂತದೂ ಹೇಳಲಿಕ್ಕಾಗೂದಿಲ್ಲ" ಎಂದರು ವೈದ್ಯರು. ಶಾಂಭವಿ ಹೊರಗೆ ಬಂದು, ಕುಮಟಾದಲ್ಲಿ ಅಂಕಿಅಂಶ ನೋಡಿಕೊಳ್ಳುವ ವಿನಾಯಕನಿಗೆ ಫೋನು ಮಾಡಿದಳು.

"ಲಸಿಕೆ ಕೊಟ್ಟ ಊರುಗಳಲ್ಲಿ ಕೂಸುಗಳಿಗೆ ಈ ಕೆಮ್ಮು ಬಂದಿದ್ಯಾ?"

"ಈವರೆಗೆ ಇಲ್ಲ. ಆದ್ರೆ ಈಗಲೇ ಎಂತದೂ ಹೇಳೂಕೆ ಬರೂದಿಲ್ಲ ಶಾಂಭವಿ. ಮಧ್ಯೆ ಸರದಿ ಮುರಿದ್ರೆ ಇಷ್ಟು ವರ್ಷದ ಕೆಲಸ ಅರೆಬರೆ ಆಗ್ತದೆ."

"ಆಗಲಿ. ಉಳಿದ ಊರುಗಳಿಗೆಲ್ಲ ಈಗಲೇ ಕೊಡ್ಲಿಕ್ಕೆ ನಮ್ಮ ಸಂಶೋಧನೆಯ ನೈತಿಕ ಸಮಿತಿಯ ಒಪ್ಪಿಗೆ ಕೇಳ್ವ. ಇವತ್ತೇ."

ಸಮಿತಿ ಒಪ್ಪಿತು, ಆದರೆ ವಾರಗಳು ಹಿಡಿದವು. ಆ ವಾರಗಳಲ್ಲಿ ಫೋನು ರಿಂಗಾದಾಗಲೆಲ್ಲ, ಇನ್ನೊಂದು ಕೂಸಿಗೆ ಕೆಮ್ಮು ಬಂತೇನೋ ಎಂದು ಶಾಂಭವಿ ಬೆಚ್ಚಿಬೀಳುತ್ತಿದ್ದಳು.

ಜಯಂತಿಯ ಮಗು ಉಳಿಯಿತು. ಮನೆಗೆ ಹೊರಡುವ ದಿನ ಶಾಂಭವಿ ಕೈಚಾಚಿದಳು. ಜಯಂತಿ ಮಗುವನ್ನು ಕೊಡಲಿಲ್ಲ, ಸೆರಗು ಹೊದಿಸಿಕೊಂಡು, "ನಮ್ಮ ಓಣಿಯ ದೀಪಿಕಾ ಏಳು ತಿಂಗಳ ಬಸುರಿ. ಮೊದಲು ಅಲ್ಲಿ ಹೋಗಿ" ಎಂದಷ್ಟೇ ಹೇಳಿ ಬಸ್ಸು ಹತ್ತಿದಳು.